ನಕ್ಷೆಯಲ್ಲಿ ಡೇಟಾ ತಪ್ಪು ಜಾಗಕ್ಕೆ ಬಿದ್ದಾಗ: ದೋಷ ಹುಡುಕುವ ಕ್ರಮ

‘ನಕ್ಷೆ ಸರಿಯಾಗಿ ಬರುತ್ತಿಲ್ಲ’ ಎಂಬ ದೂರಿನಿಂದ ಏನೂ ತಿಳಿಯುವುದಿಲ್ಲ. ಹಿಗ್ಗಿಸಿ, ಕುಗ್ಗಿಸಿ, ಕ್ಲಿಕ್ ಮಾಡಿ ಮಾಹಿತಿ ನೋಡುವ ನಕ್ಷೆಯ ಹಿಂದೆ ಕಡೇಪಕ್ಷ ನಾಲ್ಕು ಕೈಗಳು ಕೆಲಸ ಮಾಡುತ್ತಿರುತ್ತವೆ: ಡೇಟಾ ಇರುವ ಫೈಲ್ ಅಥವಾ ಡೇಟಾಬೇಸ್, ಅದನ್ನು ಕಳುಹಿಸುವ ಸರ್ವರ್, ಬ್ರೌಸರ್‌ನಲ್ಲಿ ಚಿತ್ರ ಬಿಡಿಸುವ ಲೈಬ್ರರಿ, ಹಿನ್ನೆಲೆಯ ನಕ್ಷೆಯನ್ನು ಚೌಕಗಳಾಗಿ ಕೊಡುವ ಟೈಲ್ ಸೇವೆ. ಯಾರ ಕೈ ಜಾರಿದೆ ಎಂದು ಗೊತ್ತಾಗುವ ಮೊದಲೇ ಕೋಡ್ ತಿದ್ದಲು ಕುಳಿತರೆ ಒಂದು ದೋಷ ಎರಡಾಗುತ್ತದೆ, ಆಮೇಲೆ ಯಾವುದು ಹಳೆಯದು ಯಾವುದು ಹೊಸದು ಎಂದು ಹೇಳುವವರೇ ಇರುವುದಿಲ್ಲ.

ಆದ್ದರಿಂದ ಮೊದಲು ದೂರನ್ನು ಸೀಳಿ ನೋಡಿ. ಏನೂ ಕಾಣುತ್ತಿಲ್ಲವೇ? ಕಾಣುತ್ತಿದ್ದರೂ ತಪ್ಪು ಜಾಗದಲ್ಲಿದೆಯೇ? ಜಾಗವೆಲ್ಲ ಸರಿಯಿದ್ದು ನಕ್ಷೆ ಸುಳ್ಳು ಹೇಳುತ್ತಿದೆಯೇ? ಮೊದಲಿನ ಎರಡಕ್ಕೆ ಯಾರಾದರೂ ದೂರು ಕೊಟ್ಟೇ ಕೊಡುತ್ತಾರೆ. ಮೂರನೆಯದಕ್ಕೆ ಯಾರೂ ಕೊಡುವುದಿಲ್ಲ, ಅದನ್ನು ನಾವೇ ಹುಡುಕಿಕೊಂಡು ಹೋಗಬೇಕು.

ತಪ್ಪು ಜಾಗದಲ್ಲಿ ಕುಳಿತ ಪದರಕ್ಕೆ, ಅಂದರೆ ನಕ್ಷೆಯ ಮೇಲೆ ಹಾಸಿದ ಡೇಟಾಕ್ಕೆ, ಒಂದಿಷ್ಟು ಸಂಖ್ಯೆ ಕೂಡಿಸಿ ಕಳೆದು ‘ಸರಿಜಾಗ’ಕ್ಕೆ ಎಳೆದು ತರುವ ಚಾಳಿ ಈ ಕೆಲಸದಲ್ಲಿ ಬಹಳ ಹಳೆಯದು. ದಯವಿಟ್ಟು ಅದನ್ನು ಮಾಡಬೇಡಿ. ಎಷ್ಟು ದೂರ ಸರಿದಿದೆ, ಯಾವ ದಿಕ್ಕಿಗೆ ಸರಿದಿದೆ, ಎಲ್ಲ ಬಿಂದುಗಳೂ ಒಂದೇ ಸಮ ಸರಿದಿವೆಯೇ ಎಂಬ ಮೂರು ಮಾತಿನಲ್ಲೇ ಕಾರಣ ಅಡಗಿರುತ್ತದೆ. ಎಳೆದು ತಂದ ಕ್ಷಣ ಆ ಸಾಕ್ಷ್ಯ ಅಳಿಸಿಹೋಗುತ್ತದೆ.

ಒಂದೇ ಬಿಂದುವಿನ ಪರೀಕ್ಷೆ

ಹತ್ತು ಸಾವಿರ ಸಾಲಿನ ಫೈಲ್ ಹಿಡಿದುಕೊಂಡು ದೋಷ ಹುಡುಕಬಾರದು. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಜಾಗ ಆರಿಸಿಕೊಳ್ಳಿ: ನಾಲ್ಕು ರಸ್ತೆ ಕೂಡುವ ಮೂಲೆ, ಸೇತುವೆಯ ತುದಿ, ಉಪಗ್ರಹ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವಂಥದ್ದು ಯಾವುದಾದರೂ ಆಗಬಹುದು. ಅದರ ಅಕ್ಷಾಂಶ, ರೇಖಾಂಶಗಳನ್ನು ಕೈಯಿಂದಲೇ ಬರೆದು ಒಂದೇ ಬಿಂದುವಿರುವ ಫೈಲ್ ಮಾಡಿ ಅದೇ ನಕ್ಷೆಗೆ ಹಾಕಿ. ಬಿಂದು ಸರಿಯಾದ ಜಾಗದಲ್ಲಿ ಕುಳಿತರೆ ಚಿತ್ರ ಬಿಡಿಸುವ ಭಾಗ ನಿರ್ದೋಷಿ, ಕಳ್ಳ ಡೇಟಾದಲ್ಲಿದ್ದಾನೆ. ಅದೂ ತಪ್ಪಿದರೆ ಡೇಟಾವನ್ನು ಬದಿಗಿಟ್ಟು ಕೋಡ್ ನೋಡಿ.

ಇದಾದ ಮೇಲೆ ಮೂಲ ಫೈಲನ್ನು ಸಾದಾ ಪಠ್ಯ ಸಂಪಾದಕದಲ್ಲಿ ತೆರೆದು ಸಂಖ್ಯೆಗಳನ್ನು ಕಣ್ಣಾರೆ ನೋಡಿ. ನೂರೆಂಬತ್ತರೊಳಗಿನ ದಶಮಾಂಶ ಸಂಖ್ಯೆಗಳಿದ್ದರೆ ಅವು ಡಿಗ್ರಿಗಳು. ಒಂದು ಸಂಖ್ಯೆ ಆರು ಅಂಕಿಯದು, ಇನ್ನೊಂದು ಏಳು ಅಂಕಿಯದು ಇದ್ದು, ಮೊದಲನೆಯದು 5,00,000ದ ಆಸುಪಾಸಿನಲ್ಲಿ ಸುಳಿದಾಡುತ್ತಿದ್ದರೆ ಅದು ಬಹುತೇಕ ಯುಟಿಎಂ, ಅಂದರೆ ಭೂಮಿಯನ್ನು ಉದ್ದುದ್ದ ವಲಯಗಳಾಗಿ ಸೀಳಿ ಮೀಟರ್ ಲೆಕ್ಕದಲ್ಲಿ ಅಳೆಯುವ ಪದ್ಧತಿ. ಅಲ್ಲಿ ಪ್ರತಿ ವಲಯದ ನಡುರೇಖೆಗೆ 5,00,000 ಮೀಟರ್ ಎಂದೇ ಬೆಲೆ ಕಟ್ಟಿರುತ್ತಾರೆ. ಎರಡೂ ಲಕ್ಷಗಳನ್ನು ದಾಟಿ ಕೋಟಿಯತ್ತ ಹೋಗುತ್ತಿದ್ದರೂ 2,00,37,508 ಅನ್ನು ಮೀರದಿದ್ದರೆ ಅದು ವೆಬ್ ನಕ್ಷೆಗಳ ಸಾಮಾನ್ಯ ಪದ್ಧತಿಯಾದ ವೆಬ್ ಮರ್ಕೇಟರ್. ನಿರ್ದೇಶಾಂಕ ಪದ್ಧತಿಗಳನ್ನು ಗುರುತಿಸುವ ಇಪಿಎಸ್‌ಜಿ ಸಂಖ್ಯೆಗಳಲ್ಲಿ ಅದು 3857. ಫೈಲಿನ ಜೊತೆ ಬಂದ ವಿವರಣೆ ಏನೇ ಹೇಳಲಿ, ನಾನು ಸಂಖ್ಯೆಗಳ ಮಾತನ್ನೇ ಮೊದಲು ನಂಬುತ್ತೇನೆ.

ಎಷ್ಟು ದೂರ ತಪ್ಪಿದೆ?

ಎಲ್ಲ ಬಿಂದುಗಳೂ ಆಫ್ರಿಕಾದ ಪಶ್ಚಿಮಕ್ಕೆ, ಗಿನಿ ಕೊಲ್ಲಿಯ ನೀರಿನಲ್ಲಿ ಗುಂಪುಗೂಡಿವೆ ಎಂದುಕೊಳ್ಳಿ. ಅದು ಸೊನ್ನೆ ಅಕ್ಷಾಂಶ, ಸೊನ್ನೆ ರೇಖಾಂಶದ ಜಾಗ. ನಕ್ಷೆಗಾರರು ತಮಾಷೆಗೆ ‘ನಲ್ ಐಲ್ಯಾಂಡ್’ ಎಂದು ಕರೆಯುವ, ಇಲ್ಲದ ದ್ವೀಪ. ಇಲ್ಲಿ ಎರಡು ಸಾಧ್ಯತೆಗಳಿವೆ. ಕೆಲವೇ ಬಿಂದುಗಳು ಅಲ್ಲಿದ್ದು ಉಳಿದವು ಸರಿಯಿದ್ದರೆ, ಖಾಲಿ ಬಿಟ್ಟ ಕೋಶಗಳನ್ನು ಯಾವುದೋ ಹಂತದಲ್ಲಿ ಸೊನ್ನೆ ಎಂದು ಓದಲಾಗಿದೆ. ಎಲ್ಲವೂ ಅಲ್ಲೇ ಇದ್ದರೆ ಆ ಗುಂಪನ್ನು ಪೂರ್ತಿ ಹಿಗ್ಗಿಸಿ ನೋಡಿ: ಕೆಲವು ನೂರು ಮೀಟರಿನ ಜಾಗದಲ್ಲಿ ನಿಮ್ಮ ಇಡೀ ಡೇಟಾ ಪುಟ್ಟ ಆಕಾರದಲ್ಲಿ ಕಾಣಿಸುತ್ತದೆ. ಡಿಗ್ರಿಗಳನ್ನು ಮೀಟರ್ ಎಂದು ಓದಿದ್ದರ ಫಲ ಇದು. ಇಡೀ ಭೂಮಿ 360 ಮೀಟರ್ ಅಗಲಕ್ಕೆ ಕುಗ್ಗಿರುತ್ತದೆ.

ಸಾವಿರಾರು ಕಿಲೋಮೀಟರ್ ತಪ್ಪಿದ್ದರೆ ಮೊದಲ ಶಂಕೆ ಅಕ್ಷಾಂಶ–ರೇಖಾಂಶಗಳ ಅದಲುಬದಲಿನ ಮೇಲೆ. ಅಕ್ಷಾಂಶ 20, ರೇಖಾಂಶ 75 ಇರಬೇಕಾದ ಬಿಂದು ತಿರುವುಮುರುವಾದರೆ ಆರ್ಕ್ಟಿಕ್ ಸೀಮೆಯ ಬ್ಯಾರೆಂಟ್ಸ್ ಸಮುದ್ರಕ್ಕೆ ಹೋಗಿ ಬೀಳುತ್ತದೆ. ರೇಖಾಂಶ 110 ಆಗಿದ್ದರೆ ಇನ್ನೂ ಕಷ್ಟ, ಏಕೆಂದರೆ 110 ಎಂಬ ಅಕ್ಷಾಂಶವೇ ಇಲ್ಲ. ಬಿಂದು ಸದ್ದಿಲ್ಲದೆ ಮಾಯವಾಗಿ ದೂರು ‘ಏನೂ ಕಾಣುತ್ತಿಲ್ಲ’ ಎಂಬ ವೇಷ ಹಾಕಿಕೊಂಡು ಬರುತ್ತದೆ. ಈ ಗೊಂದಲಕ್ಕೆ ಬಳಸುವವರನ್ನು ದೂರುವುದು ಅನ್ಯಾಯ. ನಕ್ಷೆಯ ಡೇಟಾವನ್ನು ಪಠ್ಯವಾಗಿ ಬರೆದಿಡುವ ಜಿಯೋಜೇಸನ್ ಮಾದರಿಯ 2016ರ ನಿಯಮಪತ್ರವಾದ ಆರ್‌ಎಫ್‌ಸಿ 7946 ರೇಖಾಂಶವನ್ನು ಮೊದಲು ಬರೆಯಲು ಹೇಳುತ್ತದೆ. ಲೀಫ್ಲೆಟ್ ಲೈಬ್ರರಿಯ ಸ್ವಂತ ಕ್ರಮದಲ್ಲಿ ಅಕ್ಷಾಂಶ ಮೊದಲು. ಸರ್ವರ್ ಕಡೆಯಿಂದ ನಕ್ಷೆಯ ಚಿತ್ರ ತರಿಸುವ ಡಬ್ಲ್ಯುಎಂಎಸ್ ಸೇವೆಯ 1.1.1 ಆವೃತ್ತಿ ಇಪಿಎಸ್‌ಜಿ 4326 ಎಂಬ ಡಿಗ್ರಿಗಳ ಪದ್ಧತಿಯಲ್ಲಿ ರೇಖಾಂಶದಿಂದ ಶುರುಮಾಡಿದರೆ, 1.3.0 ಆವೃತ್ತಿ ಅದೇ 4326ಕ್ಕೆ ಅಕ್ಷಾಂಶದಿಂದ ಶುರುಮಾಡುತ್ತದೆ. ಸರ್ವರನ್ನು ಹೊಸ ಆವೃತ್ತಿಗೆ ಏರಿಸಿದ ಮರುದಿನ ನಕ್ಷೆ ಪಕ್ಕಕ್ಕೆ ಮಗುಚಿಕೊಂಡಿದ್ದರೆ ಬೇರೇನನ್ನೂ ನೋಡುವ ಮೊದಲು ಈ ಕ್ರಮವನ್ನು ನೋಡಿ.

ಸಮಭಾಜಕದ ಬಳಿ ಸುಮಾರು 670 ಕಿಲೋಮೀಟರ್, ಅಲ್ಲಿಂದ ಮೇಲಕ್ಕೋ ಕೆಳಕ್ಕೋ ಹೋದಂತೆ ಸ್ವಲ್ಪ ಕಡಿಮೆ, ಅದೂ ಪೂರ್ವ ಅಥವಾ ಪಶ್ಚಿಮಕ್ಕೆ ಮಾತ್ರ ಸರಿದಿದ್ದರೆ ಯುಟಿಎಂ ವಲಯ ಒಂದು ಮನೆ ತಪ್ಪಿದೆ. ಭೂಮಿಯನ್ನು ತಲಾ ಆರು ಡಿಗ್ರಿಯ 60 ವಲಯಗಳಾಗಿ ಸೀಳಿರುವುದರಿಂದ ಪಕ್ಕದ ವಲಯದ ಸಂಖ್ಯೆ ಕೊಟ್ಟರೆ ಡೇಟಾ ಸರಿಯಾಗಿ ಆರು ಡಿಗ್ರಿ ಹಾರುತ್ತದೆ. ದಕ್ಷಿಣಾರ್ಧಗೋಳದ ಡೇಟಾಕ್ಕೆ ಉತ್ತರದ ಸಂಕೇತ ಹಾಕಿದರೆ ಹಾರಾಟ ಇನ್ನೂ ಜೋರು: ಸಮಭಾಜಕದಿಂದ ದಕ್ಷಿಣಕ್ಕೆ 18 ಡಿಗ್ರಿಯಲ್ಲಿರುವ ಊರು ಉತ್ತರದ 72 ಡಿಗ್ರಿಗೆ ಹೋಗಿ ಕೂರುತ್ತದೆ. ದಕ್ಷಿಣದಲ್ಲಿ ಸಂಖ್ಯೆಗಳು ಋಣವಾಗದಿರಲೆಂದು ಒಂದು ಕೋಟಿ ಮೀಟರ್ ಕೂಡಿಸಿಟ್ಟಿರುತ್ತಾರೆ, ಉತ್ತರದ ಸಂಕೇತ ಹಾಕಿದರೆ ಅದನ್ನು ಕಳೆಯುವವರು ಇಲ್ಲ.

ಹತ್ತಾರು ಕಿಲೋಮೀಟರಿನ ತಪ್ಪು ಹೆಚ್ಚು ಕುತೂಹಲದ್ದು. ಪೂರ್ವ–ಪಶ್ಚಿಮದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ, ಉತ್ತರ–ದಕ್ಷಿಣದಲ್ಲಿ ಮಾತ್ರ ಸರಿದಿದೆ, ಸಮಭಾಜಕದ ಬಳಿ ಏನೂ ಇಲ್ಲ, 45 ಡಿಗ್ರಿಯ ಹತ್ತಿರ ಸುಮಾರು 21 ಕಿಲೋಮೀಟರ್ ಇದೆ ಎಂದಾದರೆ ಯಾರೋ ಎರಡು ಮರ್ಕೇಟರ್‌ಗಳನ್ನು ಒಂದೇ ಎಂದು ತಿಳಿದಿದ್ದಾರೆ. ವೆಬ್ ಮರ್ಕೇಟರ್ ಭೂಮಿಯನ್ನು 63,78,137 ಮೀಟರ್ ತ್ರಿಜ್ಯದ ಗೋಳದಂತೆ ಲೆಕ್ಕ ಹಾಕುತ್ತದೆ. ಇಪಿಎಸ್‌ಜಿ 3395 ಎಂಬ ಇನ್ನೊಂದು ಮರ್ಕೇಟರ್ ಧ್ರುವಗಳಲ್ಲಿ ಚಪ್ಪಟೆಯಾದ ನಿಜವಾದ ಆಕಾರವನ್ನು ಗಣನೆಗೆ ತೆಗೆದುಕೊಳ್ಳುತ್ತದೆ.

ಸೊನ್ನೆಯಿಂದ 44 ಕಿಲೋಮೀಟರ್‌ವರೆಗೆ, ಒಂದೊಂದು ಬಿಂದು ಒಂದೊಂದು ದೂರ ಸರಿದಿದ್ದರೆ ಏನು ಮಾಡುವುದು? ಇದರ ಮುಂದೆ ಬಹಳ ಜನ ಕೈಚೆಲ್ಲುತ್ತಾರೆ, ಆದರೆ ಇದರ ಗುರುತು ಉಳಿದೆಲ್ಲಕ್ಕಿಂತ ಸ್ಪಷ್ಟ. ದಾಖಲೆಯಲ್ಲಿ 24 ಡಿಗ್ರಿ 45 ನಿಮಿಷ ಎಂದಿತ್ತು. ಟೈಪ್ ಮಾಡಿದವರು 24.45 ಎಂದು ಬರೆದರು. 45 ನಿಮಿಷ ಎಂದರೆ ಮುಕ್ಕಾಲು ಡಿಗ್ರಿ, ಬರೆಯಬೇಕಾದದ್ದು 24.75. ವ್ಯತ್ಯಾಸ 0.30 ಡಿಗ್ರಿ, ನೆಲದ ಮೇಲೆ ಸುಮಾರು 33 ಕಿಲೋಮೀಟರ್. 5 ನಿಮಿಷ ಇದ್ದ ಬಿಂದು ಸ್ವಲ್ಪವೇ ಸರಿಯುತ್ತದೆ, 59 ನಿಮಿಷ ಇದ್ದದ್ದು ಬಹಳ ಸರಿಯುತ್ತದೆ, ಎಲ್ಲವೂ ಸರಿಯುವುದು ಸಮಭಾಜಕದ ಕಡೆಗೇ. ಇದನ್ನು ಹಿಡಿಯಲು ನಕ್ಷೆಯೇ ಬೇಡ: ದಶಮಾಂಶ ಚುಕ್ಕೆಯ ನಂತರದ ಮೊದಲ ಎರಡು ಅಂಕಿಗಳನ್ನು ಒಂದು ಕಾಲಂಗೆ ತೆಗೆದು ವಿಂಗಡಿಸಿ. 59ಕ್ಕಿಂತ ದೊಡ್ಡದು ಒಂದೂ ಸಿಗದಿದ್ದರೆ ಅವು ನಿಮಿಷಗಳೇ. ನಕ್ಷೆಯಲ್ಲೂ ಇದು ಕಾಣುತ್ತದೆ: ಬಿಂದುಗಳು ಅಡ್ಡ ಪಟ್ಟಿಗಳಾಗಿ ಒತ್ತಿಕೊಂಡು, ಎರಡು ಪಟ್ಟಿಗಳ ನಡುವೆ ಸುಮಾರು 44 ಕಿಲೋಮೀಟರಿನ ಖಾಲಿ ಜಾಗ ಬಿಟ್ಟಿರುತ್ತವೆ. ರೇಖಾಂಶದಲ್ಲೂ ಇದೇ ತಪ್ಪಾಗಿದ್ದರೆ ಪಟ್ಟಿಗಳ ಬದಲು ಚೌಕಳಿ.

ಬಿಂದುಗಳೆಲ್ಲ ಸಿಪಾಯಿಗಳಂತೆ ಸಾಲುಸಾಲಾಗಿ, ಒಂದಕ್ಕೊಂದು ಒಂದು ಕಿಲೋಮೀಟರ್ ಚಿಲ್ಲರೆ ಅಂತರದಲ್ಲಿ ನಿಂತಿದ್ದರೆ ದಶಮಾಂಶಗಳು ಎರಡಕ್ಕೆ ಕತ್ತರಿಸಿಹೋಗಿವೆ. ಎಕ್ಸೆಲ್‌ನಲ್ಲಿ ಕೋಶದ ಮೇಲೆ ಎರಡು ದಶಮಾಂಶ ಮಾತ್ರ ಕಾಣುವಂತೆ ಇಟ್ಟು ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾದಾ ಪಠ್ಯ) ಆಗಿ ಉಳಿಸಿದರೆ ಕಾಣುವಷ್ಟೇ ಉಳಿಯುತ್ತದೆ. ಮೂಲ ಕಡತ ಇಲ್ಲದಿದ್ದರೆ ಇದಕ್ಕೆ ಮದ್ದಿಲ್ಲ.

ಇನ್ನು ನೂರರಿಂದ ಕೆಲವು ನೂರು ಮೀಟರ್, ಒಂದು ಪ್ರದೇಶದೊಳಗೆ ಎಲ್ಲವೂ ಒಂದೇ ದಿಕ್ಕಿಗೆ: ಇದು ಡೇಟಂ ವ್ಯತ್ಯಾಸ, ಅಂದರೆ ಅಳತೆಗೆ ಆಧಾರವಾಗಿ ಹಿಡಿದ ಭೂಮಿಯ ಮಾದರಿಯೇ ಬೇರೆ. ಹಳೆಯ ಸರ್ವೆ ನಕ್ಷೆಗಳು ಆಯಾ ಪ್ರದೇಶಕ್ಕೆ ಹೊಂದುವ ಬೇರೆ ದೀರ್ಘಗೋಳವನ್ನು ಆಧರಿಸಿದ್ದವು, ಇಂದಿನ ಜಿಪಿಎಸ್ ಡಬ್ಲ್ಯುಜಿಎಸ್ 84 ಅನ್ನು ಆಧರಿಸಿದೆ. ಪರಿವರ್ತನೆಯ ಸೂತ್ರವನ್ನು ತಂತ್ರಾಂಶಕ್ಕೆ ಕೊಟ್ಟರೆ ಇದು ಸರಿಹೋಗುತ್ತದೆ. ಚೀನಾದ ನಕ್ಷೆ ಸೇವೆಗಳ ಕಥೆ ಬೇರೆ: ಅಲ್ಲಿನ ನಿಯಮದ ಪ್ರಕಾರ ಬಳಸುವ ಜಿಸಿಜೆ–02 ಪದ್ಧತಿ ನಿರ್ದೇಶಾಂಕಗಳನ್ನು ಬೇಕೆಂದೇ ಕೆಲವು ನೂರು ಮೀಟರ್ ಅಲುಗಿಸುತ್ತದೆ, ಆ ಅಲುಗಾಟ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ.

ಇಷ್ಟೆಲ್ಲ ಕಂಡುಹಿಡಿದ ಮೇಲೂ ಒಂದು ಹೊಂಡವಿದೆ. ಕ್ಯೂಜಿಐಎಸ್‌ನಂಥ ನಕ್ಷೆ ತಂತ್ರಾಂಶದಲ್ಲಿ ಪದರದ ನಿರ್ದೇಶಾಂಕ ಪದ್ಧತಿಯನ್ನು ‘ನಿಗದಿ ಮಾಡುವುದು’ ಬೇರೆ, ಪದರವನ್ನು ಹೊಸ ಪದ್ಧತಿಗೆ ‘ಪರಿವರ್ತಿಸುವುದು’ ಬೇರೆ. ಮೊದಲನೆಯದು ಪದ್ಧತಿಯ ಹೆಸರು ಬರೆದ ಚೀಟಿಯನ್ನು ಬದಲಿಸುತ್ತದೆ, ಸಂಖ್ಯೆ ಮುಟ್ಟುವುದಿಲ್ಲ. ಎರಡನೆಯದು ಸಂಖ್ಯೆಯನ್ನೇ ಲೆಕ್ಕ ಹಾಕಿ ಬದಲಿಸುತ್ತದೆ. ಯುಟಿಎಂ ಡೇಟಾವನ್ನು ವೆಬ್ ನಕ್ಷೆಗೆ ಹೊಂದಿಸಲೆಂದು ಚೀಟಿಯನ್ನಷ್ಟೇ ಬದಲಿಸಿದರೆ ಹಿಂದಿದ್ದ ಸರಿಯೂ ಕೆಡುತ್ತದೆ. ಚೀಟಿಯೇ ಸುಳ್ಳಾಗಿದ್ದರೆ ನಿಗದಿ, ಚೀಟಿ ನಿಜವಿದ್ದು ಬೇರೆ ಪದ್ಧತಿ ಬೇಕಿದ್ದರೆ ಪರಿವರ್ತನೆ.

ಏನೂ ಕಾಣುತ್ತಿಲ್ಲ

ಎಫ್12 ಒತ್ತಿ ಬ್ರೌಸರ್‌ನ ಕನ್ಸೋಲ್ ಮತ್ತು ನೆಟ್‌ವರ್ಕ್ ಫಲಕಗಳನ್ನು ತೆರೆದು ಪುಟವನ್ನು ಮತ್ತೆ ಲೋಡ್ ಮಾಡಿ. ಸರ್ವರ್ 404 ಎಂದರೆ ವಿಳಾಸ ತಪ್ಪು, 401 ಅಥವಾ 403 ಎಂದರೆ ಕೀಲಿ ಅಥವಾ ಅನುಮತಿಯ ತೊಡಕು, 429 ಎಂದರೆ ಮಿತಿ ಮೀರಿ ಕೇಳಿದ್ದೀರಿ. 200 ಬಂದೂ ಚಿತ್ರವಿಲ್ಲದಿದ್ದರೆ ಉತ್ತರದ ಒಳಗನ್ನು ಓದಿ: ಕೆಲವು ಸರ್ವರ್‌ಗಳು 200 ಎಂದು ಹೇಳಿ ಒಳಗೆ ದೋಷದ ಸಂದೇಶ ಇಟ್ಟು ಕಳುಹಿಸುತ್ತವೆ. ಸರ್ವರ್ ಕೊಟ್ಟರೂ ಬ್ರೌಸರ್ ತಡೆದಿದ್ದರೆ ಕನ್ಸೋಲ್‌ನಲ್ಲಿ ಕಾರ್ಸ್ (ಬೇರೆ ತಾಣದ ಡೇಟಾ ಬಳಸಲು ಬೇಕಾದ ಅನುಮತಿಯ ನಿಯಮ) ಎಂಬ ಹೆಸರು ಕಾಣುತ್ತದೆ. ಅದನ್ನು ಸರಿಪಡಿಸಬೇಕಾದದ್ದು ಸರ್ವರ್ ಕಡೆಯಲ್ಲಿ, ನಿಮ್ಮ ಪುಟದಲ್ಲಿ ಏನು ಮಾಡಿದರೂ ಪ್ರಯೋಜನವಿಲ್ಲ. ಪುಟ ಎಚ್‌ಟಿಟಿಪಿಎಸ್ ಆಗಿದ್ದು ಡೇಟಾವನ್ನು ಎಚ್‌ಟಿಟಿಪಿಯಿಂದ ಕೇಳಿದರೂ ಬ್ರೌಸರ್ ಬಾಗಿಲು ಹಾಕುತ್ತದೆ.

ನೆಟ್‌ವರ್ಕ್‌ನಲ್ಲಿ ಯಾವ ವಿನಂತಿಯೂ ಹೋಗಿಲ್ಲವೇ? ನಕ್ಷೆಯ ಪೆಟ್ಟಿಗೆಯ ಎತ್ತರ ನೋಡಿ, ಸೊನ್ನೆ ಇರಬಹುದು. ಮುಚ್ಚಿದ ಟ್ಯಾಬ್‌ನೊಳಗೆ ಹುಟ್ಟಿದ ನಕ್ಷೆಗೆ ತನ್ನ ಅಳತೆಯೇ ಗೊತ್ತಿರುವುದಿಲ್ಲ. ಟ್ಯಾಬ್ ತೆರೆದಾಗ ಎಡಮೂಲೆಯಲ್ಲಿ ಒಂದೆರಡು ಟೈಲ್, ಉಳಿದೆಲ್ಲ ಬೂದು ಬಣ್ಣ. ಲೀಫ್ಲೆಟ್‌ನಲ್ಲಿ ಟ್ಯಾಬ್ ತೆರೆದ ಬಳಿಕ ‘ಇನ್‌ವ್ಯಾಲಿಡೇಟ್‌ಸೈಜ್’ ಕರೆದರೆ ಮುಗಿಯಿತು.

ಟೈಲ್‌ಗಳು ಬಂದರೂ ಜೋಡಣೆ ಕಲಸಿಹೋಗಿ, ಉತ್ತರದ ಚೌಕ ದಕ್ಷಿಣದಲ್ಲಿದ್ದರೆ ಅದು ಎಣಿಕೆಯ ದಿಕ್ಕಿನ ಜಗಳ. ಸಾಮಾನ್ಯ ವೆಬ್ ಟೈಲ್‌ಗಳು ಸಾಲುಗಳನ್ನು ಮೇಲಿನಿಂದ ಎಣಿಸುತ್ತವೆ, ಟಿಎಂಎಸ್ ಎಂಬ ಇನ್ನೊಂದು ಟೈಲ್ ಪದ್ಧತಿ ಕೆಳಗಿನಿಂದ ಎಣಿಸುತ್ತದೆ. ಜೂಮ್ 3ರಲ್ಲಿ ಸೊನ್ನೆಯಿಂದ ಏಳರವರೆಗೆ ಎಂಟು ಸಾಲುಗಳಿರುತ್ತವೆ. ಒಂದರಲ್ಲಿ 2 ಎಂಬ ಸಾಲು ಇನ್ನೊಂದರಲ್ಲಿ 5. ಜೂಮ್ ಸೊನ್ನೆಯಲ್ಲಿ ಒಂದೇ ಟೈಲ್ ಇರುವುದರಿಂದ ಅಲ್ಲಿ ಎಲ್ಲ ಸರಿಯೆಂದೇ ತೋರುತ್ತದೆ. ಪರೀಕ್ಷೆಯನ್ನು ಅಲ್ಲಿ ಮಾಡಬೇಡಿ.

ಆಕಾರಗಳ ತಂಟೆ

ಒಂದು ಪುಟ್ಟ ಪ್ರದೇಶಕ್ಕೆ ಬಣ್ಣ ಹಾಕಿದರೆ ಅದೊಂದನ್ನು ಬಿಟ್ಟು ಇಡೀ ಭೂಮಿಗೆ ಬಣ್ಣ ಬರುತ್ತದೆಯೇ? ಗಡಿಯ ಬಿಂದುಗಳನ್ನು ಬರೆದ ಸುತ್ತು ತಿರುಗಿದೆ. ಆರ್‌ಎಫ್‌ಸಿ 7946 ಹೊರಗಡಿಯನ್ನು ಅಪ್ರದಕ್ಷಿಣವಾಗಿ ಬರೆಯಲು ಹೇಳುತ್ತದೆ, ಗೋಳದ ಮೇಲೆ ಲೆಕ್ಕ ಮಾಡುವ ಡಿ3 ಲೈಬ್ರರಿ ಪ್ರದಕ್ಷಿಣವಾಗಿ ನಿರೀಕ್ಷಿಸುತ್ತದೆ. ಗೋಳದ ಮೇಲಿನ ಗಡಿಗೆ ಎರಡು ‘ಒಳಗು’ಗಳಿವೆ ಎಂಬುದು ಚಪ್ಪಟೆ ನಕ್ಷೆಯಲ್ಲಿ ನೆನಪಿಗೆ ಬರುವುದಿಲ್ಲ.

ನಕ್ಷೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಉದ್ದನೆಯ ಗೀರು ಎಳೆದಿದ್ದರೆ ಯಾವುದೋ ರೇಖೆ 180 ಡಿಗ್ರಿ ರೇಖಾಂಶವನ್ನು ದಾಟಿದೆ. ಅಲ್ಲಿ ಅದನ್ನು ಎರಡು ತುಂಡು ಮಾಡಬೇಕು. ಅಕ್ಕಪಕ್ಕದ ಪ್ರದೇಶಗಳ ನಡುವೆ ಸಣ್ಣ ಬಿರುಕು ಕಾಣುತ್ತಿದ್ದರೆ ಗಾತ್ರ ಇಳಿಸುವಾಗ ಒಂದೊಂದು ಗಡಿಯನ್ನೂ ಬಿಡಿಬಿಡಿಯಾಗಿ ಸರಳಗೊಳಿಸಲಾಗಿದೆ. ಹಂಚಿಕೊಂಡ ಗಡಿಯನ್ನು ಒಂದೇ ಎಂದು ಹಿಡಿಯುವ ಮ್ಯಾಪ್‌ಶೇಪರ್‌ನಂಥ ಸಾಧನದಲ್ಲಿ ಮತ್ತೆ ಮಾಡಿ.

ಗಡಿ ಬಂತು, ಅಂಕಿ ಬರಲಿಲ್ಲ

ಗಡಿಗಳ ಫೈಲಿಗೆ ಅಂಕಿಅಂಶಗಳ ಪಟ್ಟಿಯನ್ನು ಜೋಡಿಸಿದಾಗ ಕೆಲವು ಪ್ರದೇಶಗಳು ಬೂದಾಗಿ ಉಳಿದರೆ ಎರಡೂ ಕಡೆಯ ಹೊಂದದ ಸಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಸಂಕೇತ 007 ಒಂದು ಕಡೆ 7 ಆಗಿರುತ್ತದೆ, ಏಕೆಂದರೆ ಎಕ್ಸೆಲ್ ಮುಂದಿನ ಸೊನ್ನೆಗಳನ್ನು ನುಂಗಿದೆ. ಇಲ್ಲವೇ ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಖಾಲಿ ಜಾಗವಿರುತ್ತದೆ.

ಹೆಸರುಗಳು ಕನ್ನಡದಲ್ಲಿದ್ದರೆ ಇನ್ನೊಂದು ಸೂಕ್ಷ್ಮವಿದೆ. ‘ಹೊಸ’ ಎಂಬುದರಲ್ಲಿನ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ, ಕಂಪ್ಯೂಟರಿಗೆ ಎರಡೂ ಬೇರೆ. ಎರಡೂ ಪಟ್ಟಿಗಳನ್ನು ಯೂನಿಕೋಡ್‌ನ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದರೆ ಇದು ಸರಿಹೋಗುತ್ತದೆ. ಅಕ್ಷರಗಳ ನಡುವೆ ನುಸುಳಿದ ಅಗೋಚರ ಸಂಕೇತಗಳು ಮಾತ್ರ ಆಗಲೂ ಉಳಿಯುತ್ತವೆ, ಅವನ್ನು ಬೇರೆಯಾಗಿ ತೆಗೆಯಬೇಕು. ಹೆಸರಿನ ಮೇಲೆ ಜೋಡಿಸುವುದನ್ನೇ ಬಿಟ್ಟು ಸಂಕೇತ ಸಂಖ್ಯೆಯ ಮೇಲೆ ಜೋಡಿಸುವುದು ಇವೆಲ್ಲಕ್ಕಿಂತ ಒಳ್ಳೆಯದು.

ಗಡಿಗಳ ಫೈಲ್ ‘ಶೇಪ್‌ಫೈಲ್’ ಎಂಬ ಮಾದರಿಯದಾಗಿದ್ದರೆ ಕಾಲಂ ಹೆಸರಿಗೆ ಹತ್ತು ಬೈಟ್ ಮಾತ್ರ ಜಾಗ. ಇಂಗ್ಲಿಷಿನ ‘ಪಾಪ್ಯುಲೇಶನ್’ ಎಂಬ ಪದವೇ ಹತ್ತಕ್ಷರ, ಅದರ ಮುಂದೆ ಬರೆದ ಇಸವಿ ಬಿದ್ದುಹೋಗಿ ಎರಡು ಜನಗಣತಿಗಳ ಕಾಲಂಗಳಿಗೆ ಒಂದೇ ಹೆಸರಾಗಿ, ತಂತ್ರಾಂಶ ಯಾವುದಕ್ಕೋ ಏನೋ ಹೆಸರಿಡುತ್ತದೆ. ಯುಟಿಎಫ್–8ರಲ್ಲಿ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟ್ ನುಂಗುವುದರಿಂದ ಕನ್ನಡದ ಹೆಸರು ಮೂರಕ್ಕೇ ಮುಗಿಯುತ್ತದೆ. ಒಳಗಿನ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದರೆ ಜೊತೆಗಿರಬೇಕಾದ, ಅಕ್ಷರಗಳ ಸಂಕೇತ ಪದ್ಧತಿಯನ್ನು ತಿಳಿಸುವ ಸಿಪಿಜಿ ಫೈಲ್ ಕಳೆದಿದೆಯೇ ನೋಡಿ.

ನೋಡಲು ಚೆನ್ನ, ಹೇಳುವುದು ಸುಳ್ಳು

ಇಲ್ಲಿಗೆ ಬರುವವರು ಕಡಿಮೆ, ಬರಬೇಕಾದವರು ಎಲ್ಲರೂ. ನಕ್ಷೆಯಲ್ಲಿ ಬಹುತೇಕ ಎಲ್ಲವೂ ಒಂದೇ ಬಣ್ಣ, ಒಂದೆರಡು ಪ್ರದೇಶ ಮಾತ್ರ ಬೇರೆ ಬಣ್ಣ ಎಂದಿರಲಿ. ಅಂಕಿಗಳು 10ರಿಂದ 80ರ ನಡುವೆ ಇದ್ದು, ‘ಮಾಹಿತಿ ಇಲ್ಲ’ ಎಂಬುದಕ್ಕೆ ಯಾರೋ –9999 ಎಂದು ಬರೆದಿರುತ್ತಾರೆ. ಸಮಾನ ಅಂತರದ ಐದು ವರ್ಗ ಮಾಡಿದಾಗ ಒಂದೊಂದು ವರ್ಗದ ಅಗಲ ಸುಮಾರು 2,016 ಆಗುತ್ತದೆ: ಮೊದಲ ವರ್ಗದಲ್ಲಿ –9999, ನಡುವಿನ ಮೂರು ಖಾಲಿ, ನಿಜವಾದ ಡೇಟಾ ಪೂರ್ತಿ ಕೊನೆಯದರಲ್ಲಿ. ಪ್ರತಿ ವರ್ಗದಲ್ಲೂ ಸಮಾನ ಸಂಖ್ಯೆಯ ಪ್ರದೇಶಗಳಿರುವ ವರ್ಗೀಕರಣವನ್ನು ಬಳಸಿದ್ದರೆ ಇದೇ ದೋಷ ಸದ್ದಿಲ್ಲದೆ ಅಡಗಿ, ಮಾಹಿತಿ ಇಲ್ಲದ ಪ್ರದೇಶ ‘ಅತಿ ಕಡಿಮೆ’ ಎಂಬ ಬಣ್ಣ ತೊಟ್ಟು ಕೂರುತ್ತದೆ. ಬಣ್ಣ ಹಾಕುವ ಮೊದಲು ಪ್ರತಿ ಕಾಲಂನ ಕನಿಷ್ಠ, ಗರಿಷ್ಠಗಳನ್ನು ನೋಡುವುದನ್ನು ನಾನು ಬಿಡುವುದಿಲ್ಲ.

ಒಟ್ಟು ಎಣಿಕೆಗೆ ಬಣ್ಣ ಹಾಕಿದರೆ ನಕ್ಷೆ ‘ಜನ ಎಲ್ಲಿ ಹೆಚ್ಚು’ ಎಂಬುದನ್ನಷ್ಟೇ ಹೇಳುತ್ತದೆ, ವಿಷಯ ರೋಗವಿರಲಿ, ಶಾಲೆಯಿರಲಿ. ಎಣಿಕೆಯನ್ನು ಜನಸಂಖ್ಯೆಗೋ ವಿಸ್ತೀರ್ಣಕ್ಕೋ ಭಾಗಿಸಿ. ಆ ವಿಸ್ತೀರ್ಣವನ್ನು ವೆಬ್ ಮರ್ಕೇಟರ್‌ನಲ್ಲೇ ಅಳೆದಿದ್ದರೆ ಅದೂ ಸುಳ್ಳು: 60 ಡಿಗ್ರಿ ಅಕ್ಷಾಂಶದಲ್ಲಿ ಉದ್ದ ಎರಡರಷ್ಟು, ವಿಸ್ತೀರ್ಣ ನಾಲ್ಕರಷ್ಟು ಉಬ್ಬುತ್ತದೆ. ಅಲ್ಲಿ ಎಳೆದ ‘5 ಕಿಲೋಮೀಟರ್’ ವೃತ್ತದ ನಿಜವಾದ ತ್ರಿಜ್ಯ ಎರಡೂವರೆ ಕಿಲೋಮೀಟರ್.

ಕಾಲದ ಸ್ಲೈಡರ್ ಇದ್ದರೆ ದಿನಾಂಕವನ್ನೂ ಶಂಕಿಸಿ. ಜಾವಾಸ್ಕ್ರಿಪ್ಟ್ ‘2024-03-01’ ಎಂಬುದನ್ನು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯದ ಮಧ್ಯರಾತ್ರಿ ಎಂದು ಓದುತ್ತದೆ. ಅಮೆರಿಕ ಖಂಡದಲ್ಲಿ ಕುಳಿತು ನೋಡುವವರಿಗೆ ಅದು ಫೆಬ್ರುವರಿ 29 ಆಗಿ ಕಾಣುತ್ತದೆ. ನಿಮ್ಮ ಯಂತ್ರದಲ್ಲಿ ಎಲ್ಲ ಸರಿಯಿದ್ದು ದೂರದಲ್ಲಿರುವವರೊಬ್ಬರು ಮಾತ್ರ ದೂರುತ್ತಿದ್ದರೆ ಅವರ ಮಾತನ್ನು ತಳ್ಳಿಹಾಕಬೇಡಿ.

ನಿಧಾನ

ನಿಧಾನವೂ ಒಂದು ದೋಷವೇ, ಆದರೆ ಬಗೆಹರಿಸುವುದು ಸುಲಭ. ನೆಟ್‌ವರ್ಕ್ ಫಲಕದಲ್ಲಿ ಸಮಯ ಎಲ್ಲಿ ಹೋಗುತ್ತಿದೆ ಎಂದು ನೋಡಿ. ಸರ್ವರ್‌ನ ಕಾಯುವಿಕೆಯಲ್ಲಿ ಹೋಗುತ್ತಿದ್ದರೆ ಪೋಸ್ಟ್‌ಜಿಐಎಸ್ ಡೇಟಾಬೇಸ್‌ನಲ್ಲಿ ಜಾಗದ ಸೂಚಿ (ಸ್ಥಳದ ಮೇಲೆ ಸಾಲುಗಳನ್ನು ಬೇಗ ಹುಡುಕಿಕೊಡುವ ಪಟ್ಟಿ) ಇದೆಯೇ ಎಂದು ಪರೀಕ್ಷಿಸಿ. ಇದ್ದರೂ ಶೋಧದ ಷರತ್ತಿನೊಳಗೆ ಕಾಲಂ ಅನ್ನೇ ಪರಿವರ್ತಿಸುತ್ತಿದ್ದರೆ ಸೂಚಿ ಉಪಯೋಗಕ್ಕೆ ಬರುವುದಿಲ್ಲ, ಹುಡುಕುವ ಚೌಕಟ್ಟನ್ನು ಪರಿವರ್ತಿಸಿ. ಇಳಿಸಿಕೊಳ್ಳುವುದರಲ್ಲಿ ಹೋಗುತ್ತಿದ್ದರೆ ನಿರ್ದೇಶಾಂಕಗಳ ಬಾಲ ಕತ್ತರಿಸಿ: ಆರು ದಶಮಾಂಶ ಎಂದರೆ ಸುಮಾರು 11 ಸೆಂಟಿಮೀಟರ್, ಹದಿನೈದು ದಶಮಾಂಶದ ನಕ್ಷೆ ಯಾರಿಗೂ ಬೇಡ. ಎಲ್ಲ ಬಂದ ಮೇಲೆ ಬ್ರೌಸರ್ ಒದ್ದಾಡುತ್ತಿದ್ದರೆ ಸಾವಿರಾರು ಗುರುತುಗಳನ್ನು ಒಂದೊಂದಾಗಿ ಬಿಡಿಸದೆ ಗುಂಪು ಮಾಡಿ, ಇಲ್ಲವೇ ಚಿತ್ರದ ಬದಲು ಡೇಟಾವನ್ನೇ ಚೌಕಗಳಾಗಿ ಕೊಡುವ ವೆಕ್ಟರ್ ಟೈಲ್‌ಗಳಿಗೆ ಹೋಗಿ.

ಇಷ್ಟರಲ್ಲೂ ಹಿಡಿಗೆ ಸಿಗದಿದ್ದರೆ ಬೇರೆಯವರನ್ನು ಕೇಳಿ, ಆದರೆ ಪರದೆಯ ಚಿತ್ರವೊಂದನ್ನೇ ಕಳುಹಿಸಬೇಡಿ. ಮೂಲ ಫೈಲಿನ ಹತ್ತು ಸಾಲು, ಪದರದ ಇಪಿಎಸ್‌ಜಿ ಸಂಖ್ಯೆ, ಒಂದು ಬಿಂದು ಇರಬೇಕಾದ ಜಾಗ ಮತ್ತು ಬಿದ್ದ ಜಾಗ, ಕನ್ಸೋಲ್‌ನ ಮೊದಲ ದೋಷದ ಸಾಲು, ಇವಿಷ್ಟನ್ನು ಜೊತೆಗಿಡಿ. ಮೊದಲ ಸಾಲೇ ಏಕೆಂದರೆ ಅದರ ಕೆಳಗಿನ ಉದ್ದ ಪಟ್ಟಿ ಸಾಮಾನ್ಯವಾಗಿ ಅದರದೇ ಪರಿಣಾಮ.